ರಸಾಯನ ಪ್ರಯೋಗಾಲಯದಲ್ಲಿ ವೃತ್ತಿ ಕೌಶಲ ಮತ್ತು ತಂಡದ ಕೆಲಸ: ಅಬುಧಾಬಿ ಮತ್ತು ದುಬೈ

ಕೆಲಸವನ್ನು ಹಂಚಿಕೊಂಡು ಹೊತ್ತಿಗೆ ಮುಗಿಸುವುದು, ತೆಗೆದ ಅಳತೆಯನ್ನು ಇನ್ನೊಬ್ಬರು ನಂಬಿ ಬಳಸುವಂತೆ ಬರೆದಿಡುವುದು, ಅಪಾಯವನ್ನು ಮೊದಲೇ ಊಹಿಸಿ ಜೊತೆಗಾರರಿಗೆ ತಿಳಿಸುವುದು, ತಪ್ಪು ಕಂಡರೆ ಮುಲಾಜಿಲ್ಲದೆ ಹೇಳುವುದು, ಹೇಳಿಸಿಕೊಂಡಾಗ ಮುನಿಸಿಕೊಳ್ಳದಿರುವುದು: ರಸಾಯನ ವೃತ್ತಿಗೆ ಬೇಕಾದ ಈ ಕೌಶಲಗಳನ್ನು ಪದವಿ ಪ್ರಯೋಗಾಲಯದ ಪಾಠದಲ್ಲೇ ಸೇರಿಸಿ, ಅಂಕ ಕೊಟ್ಟು ಅಳೆಯುವ ಕ್ರಮ ಕಳೆದ ಎರಡು ಮೂರು ದಶಕಗಳಲ್ಲಿ ಹಲವು ದೇಶಗಳಲ್ಲಿ ಬೆಳೆದಿದೆ. ಸಂಯುಕ್ತ ಅರಬ್ ಸಂಸ್ಥಾನದಲ್ಲಿ, ಅಂದರೆ ಯುಎಇಯಲ್ಲಿ, ಈ ಕ್ರಮಕ್ಕೆ ವಿಶೇಷ ಮಹತ್ವವಿದೆ. ಅಲ್ಲಿನ ಜನಸಂಖ್ಯೆಯ ಬಹುದೊಡ್ಡ ಪಾಲು ಹೊರನಾಡಿನವರು. ತೈಲ, ಪ್ಲಾಸ್ಟಿಕ್, ಅಲ್ಯೂಮಿನಿಯಂ, ಔಷಧ, ಸಮುದ್ರದ ನೀರಿನ ಶುದ್ಧೀಕರಣ, ಯಾವ ಉದ್ಯಮದ ಪ್ರಯೋಗಾಲಯಕ್ಕೆ ಹೋದರೂ ನಾಲ್ಕಾರು ದೇಶದವರು ಒಂದೇ ಮೇಜಿನ ಮುಂದೆ ನಿಂತು ಕೆಲಸ ಮಾಡುತ್ತಾರೆ. ಅವರೊಳಗೆ ಕನ್ನಡಿಗರೂ ಇದ್ದಾರೆ. ಹೀಗಾಗಿ ಅಲ್ಲಿನ ಕಾಲೇಜುಗಳಿಗೆ ತಂಡದ ಕೆಲಸ ಪಠ್ಯಕ್ಕೆ ಅಂಟಿಸಿದ ಅಲಂಕಾರವಲ್ಲ, ಓದು ಮುಗಿಸಿದ ಮರುವರ್ಷವೇ ಬೇಕಾಗುವ ವಿದ್ಯೆ.

ಹಿನ್ನೆಲೆ

ಪ್ರಯೋಗಾಲಯವನ್ನೇ ಪಾಠಶಾಲೆಯಾಗಿಸಿದ ಕೀರ್ತಿ ಜರ್ಮನಿಯ ಯುಸ್ಟುಸ್ ಲೀಬಿಗ್‌ಗೆ ಸಲ್ಲುತ್ತದೆ. 1824ರಲ್ಲಿ ಗೀಸೆನ್ ವಿಶ್ವವಿದ್ಯಾಲಯಕ್ಕೆ ಬಂದ ಆತ ವಿದ್ಯಾರ್ಥಿಗಳನ್ನು ಸಾಲಾಗಿ ನಿಲ್ಲಿಸಿ ಕೈಯಾರೆ ವಿಶ್ಲೇಷಣೆ ಮಾಡಿಸಿದ. ಆ ಮಾದರಿ ಬ್ರಿಟನ್ನಿಗೆ, ಅಲ್ಲಿಂದ ಭಾರತಕ್ಕೆ ಬಂತು. ಬರುವಷ್ಟರಲ್ಲಿ ಅದಕ್ಕೊಂದು ಗಟ್ಟಿ ರೂಪ ಬಂದಿತ್ತು: ಒಬ್ಬ ವಿದ್ಯಾರ್ಥಿ, ಒಂದು ಬ್ಯೂರೆಟ್, ಒಂದು ಉತ್ತರ. ಕರ್ನಾಟಕದ ಕಾಲೇಜುಗಳಲ್ಲಿ ಲವಣ ವಿಶ್ಲೇಷಣೆ ಮಾಡಿದ ಯಾರಿಗೂ ಇದರ ಪರಿಚಯ ಹೇಳಬೇಕಿಲ್ಲ. ಇಬ್ಬರು ಒಂದೇ ಮೇಜಿನಲ್ಲಿ ನಿಂತರೂ ಅದು ಸಲಕರಣೆ ಸಾಲದೆ ಮಾಡಿಕೊಂಡ ಹೊಂದಾಣಿಕೆ, ಪಾಠದ ಉದ್ದೇಶವಲ್ಲ.

ಉದ್ದೇಶ ಬದಲಾದದ್ದು ಮಾನ್ಯತೆ ನೀಡುವ ಸಂಸ್ಥೆಗಳ ಒತ್ತಡದಿಂದ. ಅಮೆರಿಕದ ಎಂಜಿನಿಯರಿಂಗ್ ಮಾನ್ಯತಾ ಸಂಸ್ಥೆ ಎಬೆಟ್, ಪದವೀಧರ ತಂಡದಲ್ಲಿ ಕೆಲಸ ಮಾಡಬಲ್ಲನೆಂದು ಕಾಲೇಜುಗಳು ಪುರಾವೆಸಹಿತ ತೋರಿಸಬೇಕೆಂದು ಕೇಳತೊಡಗಿತು. ಅಮೆರಿಕನ್ ಕೆಮಿಕಲ್ ಸೊಸೈಟಿ 2008ರ ಮಾರ್ಗಸೂಚಿಯಲ್ಲಿ ಸಮಸ್ಯೆ ಬಿಡಿಸುವುದು, ಗ್ರಂಥಶೋಧ, ಸುರಕ್ಷತೆ, ಸಂವಹನ, ತಂಡದ ಕೆಲಸ, ನೈತಿಕತೆ ಇವುಗಳನ್ನು ರಸಾಯನ ಪದವಿಯ ಭಾಗವೆಂದು ಸೇರಿಸಿತು. ಬ್ರಿಟನ್ನಿನ ರಾಯಲ್ ಸೊಸೈಟಿ ಆಫ್ ಕೆಮಿಸ್ಟ್ರಿ ಬ್ಯಾಚುಲರ್ ಪದವಿಗೆ 300 ಗಂಟೆಗಳ ಪ್ರಯೋಗಾಲಯ ಕೆಲಸವನ್ನು ಕೇಳುತ್ತದೆ, ಅದರ ಜೊತೆಗೆ ವೃತ್ತಿ ಕೌಶಲಗಳನ್ನೂ ಕೇಳುತ್ತದೆ.

ಯುಎಇಯ ಚೌಕಟ್ಟು

ದೇಶ ರೂಪುಗೊಂಡದ್ದು 1971ರಲ್ಲಿ. ಅಬುಧಾಬಿ ಸಂಸ್ಥಾನದ ಅಲ್ ಐನ್ ನಗರದಲ್ಲಿ ಯುಎಇ ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 1976ರಲ್ಲಿ. 1988ರಲ್ಲಿ ಹೈಯರ್ ಕಾಲೇಜಸ್ ಆಫ್ ಟೆಕ್ನಾಲಜಿ, 1998ರಲ್ಲಿ ಝಾಯೆದ್ ವಿಶ್ವವಿದ್ಯಾಲಯ ಬಂದವು. ಖಾಸಗಿ ಹಾಗೂ ವಿದೇಶಿ ವಿಶ್ವವಿದ್ಯಾಲಯಗಳ ಸಾಲು ಬೆಳೆದದ್ದು ಆಮೇಲೆ. ಅವುಗಳನ್ನೆಲ್ಲ ಒಂದು ಅಳತೆಗೆ ತರಲು 2000ದಲ್ಲಿ ಶೈಕ್ಷಣಿಕ ಮಾನ್ಯತಾ ಆಯೋಗವೂ 2010ರಲ್ಲಿ ರಾಷ್ಟ್ರೀಯ ಅರ್ಹತಾ ಪ್ರಾಧಿಕಾರವೂ ಹುಟ್ಟಿದವು. ದುಬೈಯ ಮುಕ್ತ ವಲಯಗಳಲ್ಲಿರುವ ಸಂಸ್ಥೆಗಳ ಮೇಲ್ವಿಚಾರಣೆಗೆ 2006ರಲ್ಲಿ ಸ್ಥಾಪನೆಯಾದ ಜ್ಞಾನ ಮತ್ತು ಮಾನವ ಅಭಿವೃದ್ಧಿ ಪ್ರಾಧಿಕಾರವಿದೆ.

ಅರ್ಹತಾ ಪ್ರಾಧಿಕಾರ ರೂಪಿಸಿದ ಹತ್ತು ಹಂತಗಳ ಚೌಕಟ್ಟಿನಲ್ಲಿ ಬ್ಯಾಚುಲರ್ ಪದವಿ ಏಳನೆಯ ಹಂತ. ಪ್ರತಿ ಹಂತದಲ್ಲೂ ಜ್ಞಾನ ಮತ್ತು ಕೌಶಲಗಳ ಜೊತೆಗೆ ಇನ್ನು ಮೂರು ಅಂಶಗಳನ್ನು ಬಿಡಿಸಿ ಹೇಳಲಾಗಿದೆ: ಸ್ವಾಯತ್ತತೆ ಮತ್ತು ಹೊಣೆ, ಸಂದರ್ಭದಲ್ಲಿ ವ್ಯಕ್ತಿಯ ಪಾತ್ರ, ಸ್ವಂತ ಬೆಳವಣಿಗೆ. ಓದುವುದಕ್ಕೆ ಒಣ ಆಡಳಿತ ಭಾಷೆ, ಆದರೆ ಪರಿಣಾಮ ದೊಡ್ಡದು. ರಸಾಯನ ಪ್ರಯೋಗಾಲಯದ ಪಠ್ಯಕ್ರಮ ಬರೆಯುವ ಅಧ್ಯಾಪಕ ಇಂದು ಅಲ್ಲಿ 'ನೀರಿನ ಗಡಸುತನ ಅಳೆಯಬಲ್ಲ' ಎಂದಷ್ಟೇ ಬರೆದು ಕೈತೊಳೆದುಕೊಳ್ಳುವಂತಿಲ್ಲ. ತಂಡದಲ್ಲಿ ಯಾವ ಹೊಣೆ ಹೊರಬಲ್ಲ ಎಂಬುದನ್ನೂ ಬರೆಯಬೇಕು, ಅದನ್ನು ಹೇಗೆ ಅಳೆದೆ ಎಂದು ಮಾನ್ಯತಾ ಸಮಿತಿಗೆ ತೋರಿಸಬೇಕು.

ಇನ್ನೊಂದು ಮಾತನ್ನು ಇಲ್ಲಿಯೇ ಹೇಳಬೇಕು. ಅಬುಧಾಬಿ ಮತ್ತು ದುಬೈಗಳಲ್ಲಿ ರಸಾಯನ ಪ್ರಯೋಗಾಲಯಕ್ಕೆ ಬರುವವರಲ್ಲಿ ಹೆಚ್ಚಿನವರು ರಸಾಯನವನ್ನೇ ಮುಖ್ಯ ವಿಷಯವಾಗಿ ಓದುವವರಲ್ಲ. ಎಂಜಿನಿಯರಿಂಗ್, ಫಾರ್ಮಸಿ, ವೈದ್ಯಕೀಯ, ಪರಿಸರ ವಿಜ್ಞಾನದ ವಿದ್ಯಾರ್ಥಿಗಳು ಮೊದಲ ಒಂದೆರಡು ವರ್ಷಗಳಲ್ಲಿ ಅಲ್ಲಿಗೆ ಬಂದು ಹೋಗುತ್ತಾರೆ. ಅವರಲ್ಲಿ ಅನೇಕರು ಮುಂದೆ ಪಿಪೆಟ್ ಮುಟ್ಟುವುದೇ ಇಲ್ಲ. ಅಂಥವರಿಗೆ ಆ ಕೋರ್ಸಿನಿಂದ ಉಳಿಯಬಹುದಾದದ್ದು ಶಿಸ್ತು, ದಾಖಲೆಯ ಅಭ್ಯಾಸ, ಜೊತೆಗೆ ದುಡಿಯುವ ರೀತಿ. ತಂಡದ ಕೆಲಸ ಕಲಿಸುವುದರಿಂದ ರಸಾಯನಕ್ಕೆ ಸಮಯ ಸಾಲದೆ ಹೋಗುತ್ತದೆ ಎಂಬ ಆಕ್ಷೇಪಕ್ಕೆ ಇದೇ ಉತ್ತರ.

ಅಬುಧಾಬಿಯ ಪ್ರಯೋಗಗಳು

ಈ ವಿಷಯದಲ್ಲಿ ಮೊದಲು ನೆನೆಯಬೇಕಾದದ್ದು ಪೆಟ್ರೋಲಿಯಂ ಇನ್‌ಸ್ಟಿಟ್ಯೂಟನ್ನು. ಅಬುಧಾಬಿಯ ರಾಷ್ಟ್ರೀಯ ತೈಲ ಕಂಪನಿ ಅಡ್ನಾಕ್ ತನಗೆ ಬೇಕಾದ ಎಂಜಿನಿಯರುಗಳನ್ನು ತಯಾರಿಸಲು ಕಟ್ಟಿದ ಸಂಸ್ಥೆ ಇದು. 2001ರಲ್ಲಿ ತರಗತಿಗಳು ಶುರುವಾದವು. ಅಮೆರಿಕದ ಕೊಲರಾಡೋ ಸ್ಕೂಲ್ ಆಫ್ ಮೈನ್ಸ್ ಅದರ ಶೈಕ್ಷಣಿಕ ಪಾಲುದಾರನಾಗಿತ್ತು. ಆ ಶಾಲೆಯಲ್ಲಿ ವಿನ್ಯಾಸ, ಬರವಣಿಗೆ, ಮೌಖಿಕ ಮಂಡನೆ, ತಂಡದ ಕೆಲಸ ನಾಲ್ಕನ್ನೂ ಒಟ್ಟಿಗೆ ಕಲಿಸುವ ಎಪಿಕ್ಸ್ ಎಂಬ ಕೋರ್ಸ್ ಮೊದಲೇ ಇತ್ತು. ಅದರ ಮಾದರಿಯಲ್ಲಿ ಅಬುಧಾಬಿಯಲ್ಲಿ ಸ್ಟೆಪ್ಸ್ ಎಂಬ ಕೋರ್ಸ್ ರೂಪುಗೊಂಡಿತು. ತಂಡವಾಗಿ ಎಂಜಿನಿಯರಿಂಗ್ ಸಮಸ್ಯೆ ಬಿಡಿಸುವ ತಂತ್ರಗಳು ಎಂಬುದು ಅದರ ಪೂರ್ಣ ಹೆಸರಿನ ಭಾವ. ವಿದ್ಯಾರ್ಥಿಗಳು ಸಣ್ಣ ತಂಡಗಳಲ್ಲಿ ಒಂದೇ ಸಿದ್ಧ ಉತ್ತರವಿಲ್ಲದ ಸಮಸ್ಯೆಯನ್ನು ಹಿಡಿದು ವರದಿ, ಮಂಡನೆ, ಮಾದರಿ ಎಲ್ಲವನ್ನೂ ಒಟ್ಟಾಗಿ ತರಬೇಕಿತ್ತು. ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಬೇರೆ ಬೇರೆ ಕ್ಯಾಂಪಸ್ ಇದ್ದುದರಿಂದ ತಂಡಗಳೂ ಬೇರೆಯೇ. ಹೆಣ್ಣುಮಕ್ಕಳ ಅರ್ಝಾನಾ ಕ್ಯಾಂಪಸ್ಸಿನಿಂದ ಬಂದವರು ತೈಲ ಉದ್ಯಮದ ಎಂಜಿನಿಯರುಗಳಾದದ್ದು ಆ ಪ್ರದೇಶದ ಮಟ್ಟಿಗೆ ಸಣ್ಣ ಸಂಗತಿಯಲ್ಲ.

ಸ್ಟೆಪ್ಸ್ ಒಂದು ರಸಾಯನ ಕೋರ್ಸ್ ಆಗಿರಲಿಲ್ಲ. ಆದರೆ ತಂಡದ ಕೆಲಸಕ್ಕೇ ಮೀಸಲಾದ ಕೋರ್ಸ್ ಎರಡನೆಯ ವರ್ಷ ಬರುತ್ತದೆ ಎಂದಾದರೆ ಮೊದಲ ವರ್ಷದ ರಸಾಯನ ಪ್ರಯೋಗಾಲಯ ಅದಕ್ಕೆ ಅಂಗಳವಾಗುತ್ತದೆ. ಜೋಡಿಯಾಗಿ ದತ್ತಾಂಶ ತೆಗೆಯುವುದನ್ನೂ ಸೇರಿ ವರದಿ ಬರೆಯುವುದನ್ನೂ ಅಲ್ಲಿ ರೂಢಿಸದಿದ್ದರೆ ಮುಂದಿನ ಕೋರ್ಸ್ ಕುಂಟುತ್ತದೆ. 2017ರಲ್ಲಿ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್, ಮಸ್ದರ್ ಇನ್‌ಸ್ಟಿಟ್ಯೂಟ್ ಮತ್ತು ಹಳೆಯ ಖಲೀಫಾ ವಿಶ್ವವಿದ್ಯಾಲಯ ಒಂದಾಗಿ ಇಂದಿನ ಖಲೀಫಾ ವಿಶ್ವವಿದ್ಯಾಲಯ ಆಯಿತು.

ನ್ಯೂಯಾರ್ಕ್ ವಿಶ್ವವಿದ್ಯಾಲಯದ ಅಬುಧಾಬಿ ಶಾಖೆ ಬೇರೆ ದಾರಿ ಹಿಡಿಯಿತು. 2010ರಲ್ಲಿ ತೆರೆದ ಈ ಸಂಸ್ಥೆ 2014ರಲ್ಲಿ ಸಾದಿಯಾತ್ ದ್ವೀಪಕ್ಕೆ ಬಂತು. ಅಲ್ಲಿನ 'ಫೌಂಡೇಶನ್ಸ್ ಆಫ್ ಸೈನ್ಸ್' ಕಾರ್ಯಕ್ರಮದಲ್ಲಿ ಭೌತವಿಜ್ಞಾನ, ರಸಾಯನ, ಜೀವವಿಜ್ಞಾನಗಳನ್ನು ಬೇರೆ ಬೇರೆ ಡಬ್ಬಿಗಳಲ್ಲಿಡದೆ ಬೆಸೆದು ಕಲಿಸಿದರು. ಹಲವು ವಿಭಾಗಗಳ ಅಧ್ಯಾಪಕರು ಸೇರಿ ಒಂದೇ ಕೋರ್ಸ್ ನಡೆಸುವಾಗ ಅವರೇ ತಂಡದ ಕೆಲಸಕ್ಕೆ ಕಣ್ಣೆದುರಿನ ಮಾದರಿಯಾಗುತ್ತಾರೆ. ಭೌತವಿಜ್ಞಾನದಲ್ಲಿ ಗಟ್ಟಿಯಾದವನೂ ರಸಾಯನದಲ್ಲಿ ಗಟ್ಟಿಯಾದವಳೂ ಒಂದೇ ಪ್ರಯೋಗದಲ್ಲಿ ಪರಸ್ಪರ ಅಗತ್ಯವಾಗುವಂತೆ ಮಾಡುವುದು ಇಂಥ ಪಠ್ಯದ ನಿಜವಾದ ಲಾಭ. ಆ ತರಗತಿಗೆ ಬರುವವರು ನೂರಕ್ಕೂ ಹೆಚ್ಚು ದೇಶಗಳಿಂದ ಆಯ್ದು ಬಂದವರು ಎಂಬುದೂ ಗಮನಾರ್ಹ.

ದುಬೈಯ ಭಾರತೀಯ ಕ್ಯಾಂಪಸ್‌ಗಳು

ದುಬೈಯಲ್ಲಿ ಕನ್ನಡಿಗರಿಗೆ ಹತ್ತಿರದ ಹೆಸರು ಮಣಿಪಾಲ. ಉಡುಪಿ ಜಿಲ್ಲೆಯ ಮಣಿಪಾಲ ಉನ್ನತ ಶಿಕ್ಷಣ ಅಕಾಡೆಮಿಯ ದುಬೈ ಶಾಖೆ 2000ದಲ್ಲಿ ಆರಂಭವಾಯಿತು. ಬಿಟ್ಸ್ ಪಿಲಾನಿಯ ದುಬೈ ಕ್ಯಾಂಪಸ್ಸೂ ಅದೇ ವರ್ಷದ್ದು. ಎರಡೂ ಈಗ ದುಬೈ ಇಂಟರ್‌ನ್ಯಾಷನಲ್ ಅಕಾಡೆಮಿಕ್ ಸಿಟಿಯಲ್ಲಿವೆ. ಫಾರ್ಮಸಿ ಶಿಕ್ಷಣಕ್ಕೆ 1992ರಲ್ಲಿ ಹೆಣ್ಣುಮಕ್ಕಳಿಗಾಗಿ ತೆರೆದ ದುಬೈ ಫಾರ್ಮಸಿ ಕಾಲೇಜು ಹಳೆಯದು. ನೆರೆಯ ಅಜ್ಮಾನಿನಲ್ಲಿ ಮಂಗಳೂರು ಮೂಲದ ತುಂಬೆ ಮೊಯ್ದೀನ್ 1998ರಲ್ಲಿ ಕಟ್ಟಿದ ಗಲ್ಫ್ ಮೆಡಿಕಲ್ ಕಾಲೇಜು ಈಗ ವಿಶ್ವವಿದ್ಯಾಲಯ.

ಮಣಿಪಾಲ, ಬಿಟ್ಸ್‌ನಂಥ ಭಾರತೀಯ ಕ್ಯಾಂಪಸ್‌ಗಳಲ್ಲಿ ಎರಡು ಸಂಪ್ರದಾಯಗಳು ಎದುರಾಗುತ್ತವೆ. ಭಾರತೀಯ ಪದವಿಯ ಪಠ್ಯಕ್ರಮದಲ್ಲಿ ಪ್ರತಿಯೊಬ್ಬನಿಗೂ ಅವನದೇ ಫಲಿತಾಂಶ, ಅವನದೇ ವೈವಾ. ಸುತ್ತಲಿನ ದೇಶದ ಚೌಕಟ್ಟು ಕೇಳುವುದು ಗುಂಪಿನಲ್ಲಿ ನಿಭಾಯಿಸಿದ ಪಾತ್ರವನ್ನು. ವಿದ್ಯಾರ್ಥಿಗಳಲ್ಲೂ ಈ ಭಿನ್ನತೆ ಇದೆ. ಸಿಬಿಎಸ್‌ಇ ಶಾಲೆಯಿಂದ ಬಂದ ಹುಡುಗನಿಗೆ ಟೈಟ್ರೇಶನ್ ಕೈಗೆ ಹತ್ತಿರುತ್ತದೆ, ಗುಂಪಿನಲ್ಲಿ ವಾದಿಸಿ ಒಪ್ಪಿಸಿ ಗೊತ್ತಿರುವುದಿಲ್ಲ. ಬ್ರಿಟಿಷ್ ಪಠ್ಯದ ಶಾಲೆಯಿಂದ ಬಂದವಳಿಗೆ ಪ್ರಯೋಗ ಯೋಜಿಸಿ ಗೊತ್ತು, ವೇಗ ಕಡಿಮೆ. ಅರಬ್ಬಿ ಮಾಧ್ಯಮದಲ್ಲಿ ವಿಜ್ಞಾನ ಓದಿ ಬಂದವರಿಗೆ ಇಂಗ್ಲಿಷಿನಲ್ಲಿ ವರದಿ ಬರೆಯುವುದೇ ಮೊದಲ ಗುಡ್ಡ. ಇವರನ್ನು ತಮಗೆ ಬೇಕಾದವರ ಜೊತೆ ಸೇರಿಕೊಳ್ಳಲು ಬಿಟ್ಟರೆ ಒಂದೇ ಭಾಷೆಯವರು ಒಂದೇ ಮೇಜಿಗೆ ಹೋಗುತ್ತಾರೆ. ತಂಡವನ್ನು ಅಧ್ಯಾಪಕರೇ ರಚಿಸಬೇಕೆಂಬ ನಿಯಮ ಇಂಥ ತರಗತಿಯಲ್ಲಿ ಅನಿವಾರ್ಯವೆಂದು ಈ ಲೇಖಕನ ಅಭಿಪ್ರಾಯ. ಶಾಲೆಗಳಲ್ಲಿ ಕರಿಯರನ್ನೂ ಬಿಳಿಯರನ್ನೂ ಒಂದೇ ತರಗತಿಗೆ ತಂದಾಗ ಹುಟ್ಟಿದ ಹಗೆಯನ್ನು ತಗ್ಗಿಸಲು ಮನೋವಿಜ್ಞಾನಿ ಎಲಿಯಟ್ ಆರನ್ಸನ್ 1971ರಲ್ಲಿ ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ ಜಿಗ್‌ಸಾ ಪದ್ಧತಿಯನ್ನು ತಂದದ್ದು ಇದೇ ಕಾರಣಕ್ಕೆ. ಪಾಠವನ್ನು ತುಂಡು ಮಾಡಿ ಒಬ್ಬೊಬ್ಬರಿಗೆ ಒಂದೊಂದು ತುಂಡು ಕೊಟ್ಟಾಗ, ಪಕ್ಕದವನು ಹೇಳುವುದನ್ನು ಕೇಳದೆ ಗತಿಯಿರುವುದಿಲ್ಲ.

ಒಂದು ಪ್ರಯೋಗದ ರಚನೆ

ಜಿಗ್‌ಸಾ ಪದ್ಧತಿ ರಸಾಯನ ಪ್ರಯೋಗಾಲಯಕ್ಕೆ ಹೇಗೆ ಒಗ್ಗುತ್ತದೆ ಎಂಬುದನ್ನು ನೀರಿನ ಗಡಸುತನದ ಪ್ರಯೋಗದಲ್ಲಿ ನೋಡಬಹುದು. ಕರ್ನಾಟಕದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಕೆಮಿಸ್ಟ್ರಿ ಸೈಕಲ್ ಮುಗಿಸಿದವರೆಲ್ಲ ಇದನ್ನು ಮಾಡಿದ್ದಾರೆ. ಅಮೋನಿಯಾ ಬಫರ್ ಹಾಕಿ ಪಿಎಚ್ 10ಕ್ಕೆ ತಂದು, ಎರಿಯೋಕ್ರೋಮ್ ಬ್ಲ್ಯಾಕ್ ಟಿ ಸೂಚಕ ಬೆರೆಸಿ, ಇಡಿಟಿಎ ದ್ರಾವಣವನ್ನು ಬಿಡುತ್ತ ಹೋದರೆ ದ್ರಾಕ್ಷಾರಸದ ಕೆಂಪು ನೀಲಿಗೆ ತಿರುಗುತ್ತದೆ. ದುಬೈ, ಅಬುಧಾಬಿಗಳಲ್ಲಿ ಈ ಪ್ರಯೋಗಕ್ಕೆ ಊರಿನದೇ ಅರ್ಥವಿದೆ. ಅಲ್ಲಿ ಕುಡಿಯುವ ನೀರಿನ ಬಹುಪಾಲು ಉಪ್ಪು ತೆಗೆದ ಸಮುದ್ರದ ನೀರು. ಅಬುಧಾಬಿಯ ತವೀಲಾ ಸ್ಥಾವರವೊಂದೇ ದಿನಕ್ಕೆ ಸುಮಾರು 9 ಲಕ್ಷ ಘನ ಮೀಟರ್ ನೀರನ್ನು ಕೊಡಬಲ್ಲದು. ಉಪ್ಪಿನ ಜೊತೆ ಕ್ಯಾಲ್ಸಿಯಂ ಕೂಡ ಹೋಗಿಬಿಡುವುದರಿಂದ ನೀರನ್ನು ಮನೆಗಳಿಗೆ ಕಳಿಸುವ ಮುನ್ನ ಖನಿಜ ಮರಳಿ ಸೇರಿಸಬೇಕಾಗುತ್ತದೆ.

ನಾಲ್ವರ ತಂಡವೆಂದುಕೊಳ್ಳೋಣ. ಮೊದಲನೆಯವಳು ಇಡಿಟಿಎ ದ್ರಾವಣ ತಯಾರಿಸಿ ಅದರ ನಿಖರ ಪ್ರಬಲತೆಯನ್ನು ಕಂಡುಹಿಡಿಯುತ್ತಾಳೆ. ಎರಡನೆಯವನು ಅದೇ ದ್ರಾವಣದಿಂದ ಒಟ್ಟು ಗಡಸುತನ ಅಳೆಯುತ್ತಾನೆ. ಮೂರನೆಯವಳು ಪಿಎಚ್ 12ಕ್ಕೆ ಏರಿಸಿ ಮೆಗ್ನೀಸಿಯಂ ಅನ್ನು ಒತ್ತರಿಸಿ ಕ್ಯಾಲ್ಸಿಯಂ ಒಂದನ್ನೇ ಅಳೆಯುತ್ತಾಳೆ. ನಾಲ್ಕನೆಯವನು ವಾಹಕತೆ ಅಳೆದು, ಎಲ್ಲರ ಅಂಕಿಗಳನ್ನು ದಾಖಲಿಸಿ, ಸುರಕ್ಷತೆಯ ಮೇಲೆ ಕಣ್ಣಿಡುತ್ತಾನೆ. ಮೆಗ್ನೀಸಿಯಂ ಎಷ್ಟೆಂದು ಈಗ ಯಾರಿಗೂ ಒಂಟಿಯಾಗಿ ಹೇಳಲಾಗದು. ಎರಡನೆಯವನ ಅಂಕಿಯಿಂದ ಮೂರನೆಯವಳ ಅಂಕಿಯನ್ನು ಕಳೆದರೆ ಮಾತ್ರ ಅದು ಸಿಗುತ್ತದೆ. 0.01 ಮೋಲಾರ್ ಇಡಿಟಿಎಯ 1 ಮಿಲಿಲೀಟರ್ 1 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್‌ಗೆ ಸಮ. 50 ಮಿ.ಲೀ. ನೀರಿಗೆ 4 ಮಿ.ಲೀ. ಹಿಡಿದರೆ ಗಡಸುತನ ಲೀಟರಿಗೆ 80 ಮಿಲಿಗ್ರಾಂ. ಆದರೆ ದ್ರಾವಣ ನಿಜವಾಗಿ 0.0095 ಮೋಲಾರ್ ಆಗಿದ್ದು ಮೊದಲನೆಯವಳು 0.01 ಎಂದು ಬರೆದುಕೊಟ್ಟರೆ ಎಲ್ಲರ ಉತ್ತರವೂ ಶೇ. 5ರಷ್ಟು ಉಬ್ಬುತ್ತದೆ, ಅದೂ ಎಷ್ಟು ಸಲ ಟೈಟ್ರೇಟ್ ಮಾಡಿದರೂ ಒಂದೇ ರೀತಿ ಉಬ್ಬಿ ತಪ್ಪು ಮರೆಯಾಗಿಯೇ ಉಳಿಯುತ್ತದೆ. ಅದನ್ನು ಹಿಡಿಯಬೇಕಾದರೆ ಯಾರಾದರೂ ಮೊದಲನೆಯವಳ ಲೆಕ್ಕವನ್ನು ಕೇಳಿ ನೋಡಲೇಬೇಕು.

ಅದೇ ತಂಡಕ್ಕೆ ಸಮುದ್ರದ ನೀರು ಕೊಟ್ಟು ನೋಡಿ. ಸಾಮಾನ್ಯ ಸಮುದ್ರದ ನೀರಿನ ಗಡಸುತನ ಲೀಟರಿಗೆ 6,000 ಮಿಲಿಗ್ರಾಂ ಮೀರುತ್ತದೆ, ಕೊಲ್ಲಿಯ ನೀರು ಅದಕ್ಕಿಂತ ಉಪ್ಪು. ತೆಳುಗೊಳಿಸದೆ 50 ಮಿ.ಲೀ. ತೆಗೆದುಕೊಂಡರೆ 50 ಮಿ.ಲೀ.ಯ ಬ್ಯೂರೆಟ್ಟನ್ನು ಆರು ಸಲ ಖಾಲಿ ಮಾಡಿದರೂ ಬಣ್ಣ ತಿರುಗದು. ಕೈಪಿಡಿಯಲ್ಲಿ ತೆಳುಗೊಳಿಸುವ ಪ್ರಮಾಣವನ್ನು ಬರೆಯದೆ ಬಿಟ್ಟು, ಹತ್ತು ನಿಮಿಷ ಕೂತು ಯೋಜಿಸಿ ಎಂದು ಹೇಳಿದರೆ ತಂಡದೊಳಗೆ ನಿಜವಾದ ಮಾತುಕತೆ ಹುಟ್ಟುತ್ತದೆ.

ಪಾತ್ರ ಮತ್ತು ಅಂಕ

ಮಿನ್ನೆಸೋಟ ವಿಶ್ವವಿದ್ಯಾಲಯದ ಡೇವಿಡ್ ಮತ್ತು ರೋಜರ್ ಜಾನ್ಸನ್ ಸೋದರರು ಸಹಕಾರಿ ಕಲಿಕೆಗೆ ಐದು ಲಕ್ಷಣ ಹೇಳಿದ್ದಾರೆ. ಅವುಗಳಲ್ಲಿ ಪರಸ್ಪರ ಅವಲಂಬನೆ ಮತ್ತು ವೈಯಕ್ತಿಕ ಹೊಣೆ, ಈ ಎರಡು ಇಲ್ಲದಿದ್ದರೆ ಉಳಿದವು ನಿಲ್ಲವು. ಮೇಲಿನ ಪ್ರಯೋಗದಲ್ಲಿ ಅವಲಂಬನೆ ಇದೆ. ಹೊಣೆಯನ್ನು ಅಂಕದ ಮೂಲಕ ತರಬೇಕು. ಅಮೆರಿಕದಲ್ಲಿ ರಸಾಯನ ತರಗತಿಗಳಿಂದಲೇ ಹುಟ್ಟಿದ ಪೋಗಿಲ್ ವಿಧಾನದಲ್ಲಿ ನಿರ್ವಾಹಕ, ದಾಖಲೆಗಾರ, ವಕ್ತಾರ, ಅವಲೋಕಕ ಎಂಬ ಪಾತ್ರಗಳಿದ್ದು, ವಾರದಿಂದ ವಾರಕ್ಕೆ ಅವು ಕೈ ಬದಲಾಗುತ್ತವೆ. ಕೈ ಬದಲಾಗುವುದು ಮುಖ್ಯ. ಇಲ್ಲದಿದ್ದರೆ ಅಂದವಾಗಿ ಬರೆಯುವ ಹುಡುಗಿ ಇಡೀ ಸೆಮಿಸ್ಟರ್ ದಾಖಲೆಗಾರಳಾಗಿಯೇ ಉಳಿಯುತ್ತಾಳೆ, ಜೋರು ದನಿಯವನು ನಿರ್ವಾಹಕನಾಗಿಯೇ ಉಳಿಯುತ್ತಾನೆ.

ಗುಂಪು ದೊಡ್ಡದಾದಂತೆ ತಲಾ ದುಡಿಮೆ ಕುಸಿಯುತ್ತದೆ. ಫ್ರಾನ್ಸಿನ ಮ್ಯಾಕ್ಸ್ ರಿಂಗೆಲ್‌ಮನ್ 1913ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಎಂಟು ಜನ ಸೇರಿ ಎಳೆಯುವಾಗ ಒಬ್ಬೊಬ್ಬರ ಬಲ ಒಂಟಿಯಾಗಿ ಹಾಕುವುದರ ಅರ್ಧಕ್ಕೆ ಇಳಿಯುತ್ತದೆ. ಪ್ರಯೋಗಾಲಯದ ತಂಡ ಮೂರು ನಾಲ್ಕು ಜನ ಮೀರಬಾರದೆಂಬ ರೂಢಿಗೆ ಇದು ಸಮರ್ಥನೆ. ಕೆಲಸಗಳ್ಳರನ್ನು ಗುರುತಿಸಲು ಸಹಪಾಠಿಗಳೇ ಒಬ್ಬರಿಗೊಬ್ಬರು ಅಂಕ ಕೊಡುವ ಪದ್ಧತಿಯಿದೆ. ಪರ್ಡ್ಯೂ ವಿಶ್ವವಿದ್ಯಾಲಯದ ಕ್ಯಾಟ್ಮಿ ಎಂಬ ಜಾಲ ಸಾಧನ ಕೊಡುಗೆ, ಒಡನಾಟ, ತಂಡವನ್ನು ಹಳಿಯ ಮೇಲಿಡುವುದು, ಗುಣಮಟ್ಟದ ನಿರೀಕ್ಷೆ, ಜ್ಞಾನ ಎಂಬ ಐದು ನೆಲೆಗಳಲ್ಲಿ ಇದನ್ನು ಮಾಡಿಸುತ್ತದೆ. ಆದರೆ ಸ್ನೇಹ, ಬಂಧುತ್ವ, ಮಾನ ಮರ್ಯಾದೆಗಳಿಗೆ ಬೆಲೆಯಿರುವ ಅರಬ್ ಸಮಾಜದಲ್ಲಿ, ನಮ್ಮ ಸಮಾಜದಲ್ಲಿಯೂ, ಗೆಳೆಯನಿಗೆ ಕಡಿಮೆ ಅಂಕ ಬರೆಯಲು ಪೆನ್ನು ಏಳುವುದಿಲ್ಲ. ಎಲ್ಲರಿಗೂ ಐದಕ್ಕೆ ಐದು ಬೀಳುತ್ತದೆ. ಇದಕ್ಕೆ ಪರಿಹಾರ ಅಂಕದ ಬದಲು ನಡೆದದ್ದನ್ನು ಕೇಳುವುದು: ಈ ವಾರ ತಂಡದ ಯಾರ ಮಾತಿನಿಂದ ನಿನ್ನ ಲೆಕ್ಕ ಬದಲಾಯಿತು? ಯಾವ ಕೆಲಸ ತಡವಾಯಿತು? ಇಂಥ ಪ್ರಶ್ನೆಗೆ ಸುಳ್ಳು ಹೇಳದೆಯೂ ಯಾರನ್ನೂ ನೋಯಿಸದೆಯೂ ಉತ್ತರಿಸಬಹುದು.

ಸುರಕ್ಷತೆ ಮತ್ತು ದಾಖಲೆ

ಮಾತು ತಲುಪದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಟೆಕ್ಸಾಸ್ ಟೆಕ್ ವಿಶ್ವವಿದ್ಯಾಲಯದಲ್ಲಿ 2010ರ ಜನವರಿಯಲ್ಲಿ ನಡೆದ ಸ್ಫೋಟ ಕಹಿ ಪಾಠ. ಸಿಡಿಯುವ ಗುಣದ ನಿಕ್ಕಲ್ ಹೈಡ್ರಜಿನ್ ಪರ್‌ಕ್ಲೋರೇಟನ್ನು 100 ಮಿಲಿಗ್ರಾಂ ಮೀರಿ ತಯಾರಿಸಬಾರದೆಂಬ ತಿಳಿವಳಿಕೆ ಬಾಯಿಮಾತಿನಲ್ಲಿತ್ತು. ಅದು ಎಲ್ಲರಿಗೂ ಒಂದೇ ರೀತಿ ತಲುಪಿರಲಿಲ್ಲ. ಇಬ್ಬರು ವಿದ್ಯಾರ್ಥಿಗಳು ಸುಮಾರು 10 ಗ್ರಾಂ ತಯಾರಿಸಿದರು. ಒಬ್ಬ ತೀವ್ರವಾಗಿ ಗಾಯಗೊಂಡ. ಇಂದು ಹಲವೆಡೆ ಪ್ರಯೋಗಕ್ಕೆ ಮುನ್ನ ವಿದ್ಯಾರ್ಥಿಗಳೇ ಅಪಾಯ ಗುರುತಿಸಿ, ಅಳೆದು, ತಗ್ಗಿಸಿ, ತುರ್ತಿಗೆ ಸಿದ್ಧರಾಗುವ ನಾಲ್ಕು ಹೆಜ್ಜೆಯ ಕ್ರಮವನ್ನು ಬರಹದಲ್ಲಿ ಪೂರೈಸಬೇಕು. ತಂಡದ ಸುರಕ್ಷತಾ ಹೊಣೆಗಾರ ಅದನ್ನು ಓದಿ ಹೇಳಿದ ಮೇಲೆಯೇ ಬಾಟಲಿಯ ಮುಚ್ಚಳ ತೆಗೆಯುವುದು.

ದಾಖಲೆಯ ವಿಷಯದಲ್ಲಿ ಉದ್ಯಮದ ಬೇಡಿಕೆ ಇನ್ನೂ ಕಟ್ಟುನಿಟ್ಟು. ರಾಸ್ ಅಲ್ ಖೈಮಾದಲ್ಲಿ 1980ರಲ್ಲಿ ಹುಟ್ಟಿದ ಜುಲ್ಫಾರ್, ಉಡುಪಿ ಮೂಲದ ಬಿ.ಆರ್. ಶೆಟ್ಟಿ 2003ರಲ್ಲಿ ಅಬುಧಾಬಿಯಲ್ಲಿ ಕಟ್ಟಿದ ನಿಯೋಫಾರ್ಮಾದಂಥ ಔಷಧ ಉದ್ಯಮಗಳಲ್ಲಿ ಅಳತೆಯನ್ನು ತೆಗೆದ ಕ್ಷಣದಲ್ಲೇ ಬರೆಯಬೇಕು, ಬರೆದವರ ಸಹಿ ಬೇಕು, ತಿದ್ದಿದರೆ ಹಳೆಯದು ಓದಲು ಸಿಗುವಂತೆ ಒಂದೇ ಗೆರೆ ಎಳೆದು ದಿನಾಂಕ ಹಾಕಬೇಕು, ಎರಡನೆಯವರು ಪರಿಶೀಲಿಸಬೇಕು ಎಂಬುದು ಸಾಮಾನ್ಯ ನಿಯಮ. ಪರೀಕ್ಷಾ ಪ್ರಯೋಗಾಲಯಗಳಿಗೆ ಅನ್ವಯಿಸುವ ಐಎಸ್‌ಒ 17025 ಮಾನದಂಡವೂ ಹೆಚ್ಚುಕಡಿಮೆ ಇದನ್ನೇ ಕೇಳುತ್ತದೆ. ನಮ್ಮಲ್ಲಿ ಅಬ್ಸರ್ವೇಶನ್ ಪುಸ್ತಕದಲ್ಲಿ ಗೀಚಿ, ವಾರ ಕಳೆದು ರೆಕಾರ್ಡ್ ಪುಸ್ತಕಕ್ಕೆ ಮುತ್ತಿನಂಥ ಅಕ್ಷರದಲ್ಲಿ ಇಳಿಸುವ ವಾಡಿಕೆ ಇದಕ್ಕೆ ನೇರ ವಿರುದ್ಧ. ಅಂದಗೊಳಿಸಿದ ನಕಲಿಗೆ ಅಂಕ ಕೊಟ್ಟು ಬೆಳೆಸಿದ ವಿದ್ಯಾರ್ಥಿ, ಕಲೆ ಬಿದ್ದ ಮೂಲ ಹಾಳೆಯೇ ಪ್ರಮಾಣ ಎನ್ನುವ ಪ್ರಯೋಗಾಲಯಕ್ಕೆ ಹೋದಾಗ ಹೊಸದಾಗಿ ಕಲಿಯಬೇಕಾಗುತ್ತದೆ.

2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣದಿಂದ ಯುಎಇಯ ವಿಶ್ವವಿದ್ಯಾಲಯಗಳು ದೂರಶಿಕ್ಷಣಕ್ಕೆ ತಿರುಗಿದಾಗ ಕೈಕೆಲಸ ನಿಂತಿತು. ದತ್ತಾಂಶವನ್ನು ಹಂಚಿಕೊಂಡು ಒಂದೇ ಕಡತದಲ್ಲಿ ಸೇರಿ ವರದಿ ಬರೆಯುವ ಕೆಲಸ ಮಾತ್ರ ಮನೆಯಿಂದಲೇ ಮುಂದುವರಿಯಬಹುದಾಗಿತ್ತು.

ಕರ್ನಾಟಕಕ್ಕೆ ಸಂಬಂಧ

ಎಂಜಿನಿಯರಿಂಗ್ ಪದವಿಗಳನ್ನು ದೇಶಗಳು ಪರಸ್ಪರ ಮಾನ್ಯ ಮಾಡುವ ವಾಷಿಂಗ್ಟನ್ ಒಪ್ಪಂದಕ್ಕೆ ಭಾರತ 2014ರಲ್ಲಿ ಪೂರ್ಣ ಸದಸ್ಯ ರಾಷ್ಟ್ರವಾಯಿತು. ರಾಷ್ಟ್ರೀಯ ಮಾನ್ಯತಾ ಮಂಡಳಿ ಎಂಜಿನಿಯರಿಂಗ್ ಪದವಿಗೆ ಬಹುಕಾಲ ಬಳಸಿದ 12 ಕಲಿಕಾ ಫಲಿತಗಳಲ್ಲಿ 9ನೆಯದು ವೈಯಕ್ತಿಕ ಮತ್ತು ತಂಡದ ಕೆಲಸ. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕಾಲೇಜುಗಳೂ ಇದನ್ನು ತಮ್ಮ ಕಡತಗಳಲ್ಲಿ ತೋರಿಸುತ್ತ ಬಂದಿವೆ. ಪ್ರಯೋಗಾಲಯದ ಪರೀಕ್ಷೆ ಮಾತ್ರ ಉಪಕರಣದ ಒಂದು ಪ್ರಯೋಗ, ಬ್ಯೂರೆಟ್ಟಿನ ಒಂದು ಪ್ರಯೋಗ, ವೈವಾ ಎಂಬ ಹಳೆಯ ಅಚ್ಚಿನಲ್ಲೇ ನಡೆಯುತ್ತ ಬಂದಿದೆ. ಅಲ್ಲಿ ಪಕ್ಕದವನ ಜೊತೆ ಮಾತಾಡಿದರೆ ಅದು ನಕಲು. ಅಂತಿಮ ಪರೀಕ್ಷೆಯನ್ನು ಬದಲಾಯಿಸುವುದು ಒಂದು ಕಾಲೇಜಿನ ಕೈಯಲ್ಲಿಲ್ಲ, ಆಂತರಿಕ ಅಂಕ ಅದರ ಕೈಯಲ್ಲಿದೆ. ಇಡಿಟಿಎ ದ್ರಾವಣವನ್ನು ಅಟೆಂಡರ್ ತಯಾರಿಸಿಡುವ ಬದಲು ಸೋಮವಾರದ ಬ್ಯಾಚ್ ತಯಾರಿಸಿ, ಪ್ರಬಲತೆ ಕಂಡುಹಿಡಿದು, ಹೆಸರು ಮತ್ತು ದಿನಾಂಕದ ಚೀಟಿ ಅಂಟಿಸಿಟ್ಟು, ಮಂಗಳವಾರದ ಬ್ಯಾಚ್ ಅದನ್ನು ಪರಿಶೀಲಿಸಿ ಬಳಸುವಂತೆ ಮಾಡಲು ಹೊಸ ಉಪಕರಣವೂ ಬೇಡ, ಮೇಲಿನವರ ಅನುಮತಿಯೂ ಬೇಡ.